ಕಾಣದ ಸಂದಿಗೆ ಹೊಣೆ ಯಾರು?

ಪ್ಲೇಗಿನ ಅನಂತರ ದಂಡು ಪ್ರದೇಶದ ದಟ್ಟಣೆ ತಗ್ಗಿಸಲೆಂದು ರೂಪುಗೊಂಡ ಪುಲಿಕೇಶಿನಗರದಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಕಣ್ಮರೆಯಾಗಿ, ನೆಲ ಅಂತಸ್ತನ್ನು ವಾಹನಗಳಿಗೆ ಬಿಟ್ಟ ಬಹುಮಹಡಿ ಕಟ್ಟಡಗಳು ಎದ್ದಿವೆ. ಗಟ್ಟಿ ನೆಲ ಸಿಕ್ಕಲ್ಲಿ ಸಾಮಾನ್ಯ ಅಡಿಪಾಯವೇ ಸಾಕು. ಆದರೆ ದಂಡು ರೈಲು ನಿಲ್ದಾಣದ ಬಳಿಯ ಮಿಲ್ಲರ್ಸ್ ಕೆರೆಯಂತೆ ಮುಚ್ಚಿಹೋದ ಕೆರೆಯಂಗಳಗಳಲ್ಲಿ, ರಾಜಕಾಲುವೆಗಳ ಅಂಚಿನಲ್ಲಿ ಭಾರೀ ಕಟ್ಟಡ ಏಳಬೇಕಾದರೆ ಭರ್ತಿ ಮಣ್ಣನ್ನು ದಾಟಿ ಕಾಂಕ್ರೀಟ್ ಪೈಲ್‌ಗಳನ್ನು ಇಳಿಸಬೇಕಾಗುತ್ತದೆ.

ಪೈಲ್ ಎಷ್ಟು ಆಳ ಇಳಿಯಿತೆಂದು ಎಲ್ಲರೂ ವಿಚಾರಿಸುತ್ತಾರೆ. ಅದರ ತಲೆ ಅಡಿಪಾಯದೊಡನೆ ಹೇಗೆ ಕೂಡಿಕೊಂಡಿದೆಯೆಂದು ಕೇಳುವವರು ವಿರಳ. ಭಾರ ನೇರವಾಗಿ ಕೆಳಗಿಳಿಯುವ ಸಾಮಾನ್ಯ ದಿನಗಳಲ್ಲಿ ದುರ್ಬಲ ಜೋಡಣೆಯೂ ಹೇಗೋ ನಿಭಾಯಿಸೀತು. ಭೂಮಿ ಅಡ್ಡಲಾಗಿ ಅಲುಗಿದಾಗ ಬಾಗಿಸುವ, ಕತ್ತರಿಸುವ, ಕೆಲವೊಮ್ಮೆ ಮೇಲಕ್ಕೆಳೆಯುವ ಬಲಗಳು ಈ ಸಂದಿನ ಮೇಲೆಯೇ ಎರಗುತ್ತವೆ. ಆದಕಾರಣ ಪೈಲಿನ ತುದಿಯ ಕೆಸರು ಬೆರೆತ ಕಳಪೆ ಕಾಂಕ್ರೀಟನ್ನು ಒಡೆದು ತೆಗೆದು, ಗಟ್ಟಿ ಭಾಗವನ್ನು ಪೈಲ್ ಕ್ಯಾಪ್‌ನೊಳಗೆ ಕನಿಷ್ಠ 50 ಮಿ.ಮೀ. ಸೇರಿಸಿ, ಸರಳುಗಳನ್ನು ಸಾಕಷ್ಟು ಉದ್ದಕ್ಕೆ ಅದರಲ್ಲಿ ಹೂತು, ಪೈಲಿನ ಕೊರಳಿಗೆ ಒತ್ತೊತ್ತಾಗಿ ರಿಂಗುಗಳನ್ನು ಕಟ್ಟಬೇಕು. ಕ್ಯಾಪ್‌ಗಳನ್ನು ತೊಲೆಗಳಿಂದ ಪರಸ್ಪರ ಬಿಗಿಯಬೇಕು. ಕಟ್ಟಡದ ಒಟ್ಟು ವೆಚ್ಚದಲ್ಲಿ ಇದು ಅಲ್ಪಾಂಶ.

ಬೆಂಗಳೂರು ಭೂಕಂಪದ ಊರಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. 2002ರ ಭಾರತೀಯ ಮಾನಕ ನಗರವನ್ನು ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿರಿಸಿತು. ಸರಳು ಕಟ್ಟುವ ಭೂಕಂಪ ನಿರೋಧಕ ಕ್ರಮವನ್ನು 2016ರ ಮಾನಕ ಈ ವಲಯಕ್ಕೆ ಐಚ್ಛಿಕವೆಂದಿತು. ಆದರೆ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಅಲ್ಲಿ ಕುಸಿದದ್ದು ಕಲ್ಲುಮಣ್ಣಿನ ಮನೆಗಳು, ನಿಜ. ನಾನು ಹೇಳುತ್ತಿರುವುದು ನಕ್ಷೆಯ ಮಾತು. 2001ರಲ್ಲಿ ಭುಜ್ ನಡುಗಿದಾಗ 200 ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಉರುಳಿದ ಬಹುಮಹಡಿಗಳಲ್ಲಿ ಅನೇಕವು ನಮ್ಮವುಗಳಂತೆಯೇ ನೆಲ ಅಂತಸ್ತನ್ನು ತೆರೆದಿಟ್ಟವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಮೂಲತಃ ಮಾಹಿತಿಯ ಅಸಮಾನತೆಯ ಪ್ರಶ್ನೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯ ಬಗ್ಗೆ ಬರೆದದ್ದು ಫ್ಲ್ಯಾಟುಗಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕಾರಾದರೂ ಕೆಲವೇ ತಿಂಗಳಲ್ಲಿ ತನ್ನ ದೋಷ ತೋರುತ್ತದೆ. ಮಣ್ಣಿನಡಿಯ ಸಂದಿನಲ್ಲಿ ಉಳಿತಾಯ ಕಟ್ಟಿದವನದು, ನಷ್ಟ ಯಾವಾಗಲೋ ಅಲ್ಲಿ ವಾಸಿಸುವವನದು. 2016ರ ರೇರಾ ಕಾಯ್ದೆ ರಚನಾ ದೋಷಕ್ಕೆ ನಿರ್ಮಾಪಕನನ್ನು ಹೊಣೆಯಾಗಿಸಿದ್ದು ಐದೇ ವರ್ಷ. 500 ಚದರ ಮೀಟರ್ ಮೀರದ ನಿವೇಶನ ಅಥವಾ ಎಂಟು ಮೀರದ ಫ್ಲ್ಯಾಟುಗಳ ಯೋಜನೆಗಳಿಗೆ ಅದು ನೋಂದಣಿಯಿಂದಲೇ ವಿನಾಯಿತಿ ನೀಡಿತು. ಪುಲಿಕೇಶಿನಗರದ ಅಡ್ಡರಸ್ತೆಗಳಲ್ಲಿ ಏಳುತ್ತಿರುವವು ಬಹುಪಾಲು ಇಂಥವೇ.

ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಇನ್ನೊಂದು ಕಾಗದದ ವ್ಯಾಮೋಹವಿಲ್ಲ. ಆದರೂ ಕ್ಯಾಪ್‌ಗೆ ಕಾಂಕ್ರೀಟ್ ಸುರಿಯುವ ಮುನ್ನ, ಬಿಲ್ಡರ್‌ಗೆ ಸಂಬಂಧಪಡದ ಎಂಜಿನಿಯರೊಬ್ಬರು ಪ್ರತಿಯೊಂದು ಪೈಲಿನ ತಲೆಯನ್ನು ಪರಿಶೀಲಿಸಿ, ದಿನಾಂಕಸಹಿತ ಛಾಯಾಚಿತ್ರಕ್ಕೆ ಸಹಿ ಹಾಕಬೇಕು. ಆ ದಾಖಲೆಯಿಲ್ಲದೆ ನಗರಪಾಲಿಕೆ ಸ್ವಾಧೀನಾನುಭವ ಪತ್ರ ಕೊಡಕೂಡದು. ಅದರ ಪ್ರತಿ ಕ್ರಯಪತ್ರದೊಡನೆ ಕೊಳ್ಳುವವರ ಕೈ ಸೇರಬೇಕು.