ಉರಿಯೋ ಲೈಟೆಲ್ಲ ನಿಜ ಹೇಳಲ್ಲ

1/7
ಮೊದಲನೇ ಫೋಟೋದಲ್ಲಿರೋ ಡಬ್ಬಿ ನಾನೇ ಮಾಡಿದ ಸಿಂತ್. ಹಳೇ ಸ್ಟೀಲ್ ಟಿಫಿನ್ ಡಬ್ಬಿ. ಒಳಗೆ ಒಂದು ಸಿಡಿ40106 ಚಿಪ್, ಒಂದು ಎಲ್‌ಎಂ386 ಆಂಪ್ಲಿಫೈಯರ್, ಅಂಗೈಯಗಲದ ಸ್ಪೀಕರ್, ಒಂದು 9 ವೋಲ್ಟ್ ಬ್ಯಾಟರಿ. ಮುಂದುಗಡೆ ಮಿಂಚೋ ನೀಲಿ ಎಲ್‌ಇಡಿ.

ಹೋದ ವರ್ಷ ಇದೇ ಫೋಟೋ ಹಾಕಿದಾಗ ನಿಮ್ಮಲ್ಲಿ ಎಷ್ಟೋ ಜನ "ಲೈಟ್ ಸೂಪರ್ ಗುರು" ಅಂತ ಕಮೆಂಟ್ ಮಾಡಿದ್ರಿ. ಸೌಂಡ್ ಹೇಗಿದೆ ಅಂತ ಕೇಳಿದವರು ಇಬ್ಬರೇ. ಆಗ ನಾನೂ ಬೀಗಿದ್ದೆ. ಇವತ್ತು ಆ ಲೈಟ್ ಜೊತೆಗೇ ನನ್ನ ಜಗಳ. ಅಂಥದ್ದೇ ಲೈಟ್ ಹಾಕ್ಕೊಂಡಿರೋ ನಿಮ್ಮ ಜೊತೆಗೂ.

2/7
ಕಾಲೇಜಿನ ವಾರ್ಷಿಕೋತ್ಸವದಲ್ಲಿ ಜೂನಿಯರ್ ಒಬ್ಬಳು ವಚನ ಹಾಡೋದಿತ್ತು. ತಂಬೂರಿ ಬೇಡ, ನನ್ನ ಡಬ್ಬಿಯಲ್ಲೇ ಶ್ರುತಿ ಕೊಡ್ತೀನಿ ಅಂತ ಹಠ ಹಿಡಿದವನು ನಾನು. ಎರಡು ಆಸಿಲೇಟರ್: ಒಂದು ಸ, ಒಂದು ಪ. ಹತ್ತೋಕೆ ಮುಂಚೆ ಕೂತು ಟ್ಯೂನ್ ಮಾಡಿದ್ವಿ, ಸರಿಯಾಗೇ ಇತ್ತು.

ಮೂರನೇ ನಿಮಿಷಕ್ಕೆ ಡಬ್ಬಿಯ ಶ್ರುತಿ ಜಾರೋಕೆ ಶುರುವಾಯ್ತು. ಅವಳು ತನ್ನ ಸ ಬಿಡಲಿಲ್ಲ. ಆದ್ರೆ ಕೂತವರಿಗೆ ಕೇಳಿಸಿದ್ದು ಅಪಸ್ವರ. ಮೈಕ್ ಮುಂದೆ ನಿಂತವಳು ಅವಳು, ಡಬ್ಬಿಯಲ್ಲ. ಹಿಂದಿನ ಸಾಲಿಂದ ಶಿಳ್ಳೆ ಬಂತು. ಇಳಿದು ಬಂದವಳು ನನಗೆ ಹೇಳಿದ್ದು, "ಸಾರಿ ಅಣ್ಣ, ಶ್ರುತಿ ತಪ್ಪಿಬಿಟ್ಟೆ."

ನಾನೂ ನಂಬಿಬಿಟ್ಟೆ. ಯಾಕಂದ್ರೆ ನೀಲಿ ಲೈಟ್ ಜೋರಾಗಿ ಉರೀತಾನೇ ಇತ್ತಲ್ಲ! ರಾತ್ರಿ ರೂಮಿಗೆ ಬಂದು ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟು ನೋಡಿದ್ರೆ 6.1 ವೋಲ್ಟ್.

3/7
ಆಗಿದ್ದೇನು? 40106ರಲ್ಲಿ ಒಂದು ಇನ್ವರ್ಟರ್‌ಗೆ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸೇರಿಸಿದ್ರೆ ಒಂದು ಆಸಿಲೇಟರ್. ಒಂದೇ ಚಿಪ್‌ನಲ್ಲಿ ಅಂಥ ಆರು ಮಾಡ್ಕೋಬಹುದು. ಅಗ್ಗ, ಸುಲಭ, ಎಸ್.ಪಿ. ರೋಡಲ್ಲಿ ಕೇಳಿದ ಕೂಡಲೇ ಸಿಗುತ್ತೆ. ಆದ್ರೆ ವೋಲ್ಟೇಜ್ ಇಳಿದ್ರೆ ಅದರ ಸ್ವರವೂ ಕದಲುತ್ತೆ. ಸ್ಪೀಕರ್ ಜೋರಾಗಿ ಕೂಗಿದಷ್ಟೂ ಬ್ಯಾಟರಿ ಕುಸಿಯುತ್ತೆ.

ನೀಲಿ ಎಲ್‌ಇಡಿಗೆ ಬೇಕಿರೋದು ಸುಮಾರು 3 ವೋಲ್ಟ್. ಬ್ಯಾಟರಿ 9ರಿಂದ 6ಕ್ಕೆ ಬಿದ್ರೂ ಅದು ಏನೂ ಆಗಿಲ್ಲ ಅನ್ನೋ ಹಾಗೆ ಉರೀತಿರುತ್ತೆ. ಅದು ಹೇಳಿದ್ದು ಸ್ವಿಚ್ ಆನ್ ಇದೆ ಅಂತ ಮಾತ್ರ. ಸ್ವಿಚ್ ಒತ್ತಿದ ನನ್ನ ಬೆರಳಿಗೆ ಅದು ಮೊದಲೇ ಗೊತ್ತಿತ್ತು!

ಇನ್ನೊಂದು ಲೆಕ್ಕ ಕೇಳಿ. ಎಲ್ಲರ ಹಾಗೆ ನಾನೂ 330 ಓಮ್ ರೆಸಿಸ್ಟರ್ ಹಾಕಿದ್ದೆ. 9ರಲ್ಲಿ 3 ಕಳೆದು 330ರಿಂದ ಭಾಗಿಸಿ: 18 ಮಿಲಿಆಂಪ್. ಸುಮ್ಮನೆ ಇದ್ದಾಗ ಉಳಿದ ಇಡೀ ಸರ್ಕ್ಯೂಟ್ ತಿಂತಿದ್ದದ್ದು ನನ್ನ ಮೀಟರಲ್ಲಿ 8. ಒಳ್ಳೇ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ 500 ಮಿಲಿಆಂಪ್-ಅವರ್ ಇದೆ ಅಂದ್ಕೊಳ್ಳಿ. ಲೈಟ್ ಇಲ್ಲದಿದ್ರೆ 62 ಗಂಟೆ ಬರಬೇಕಾದ್ದು, ಲೈಟ್ ಇಟ್ರೆ 19 ಗಂಟೆ. ಬ್ಯಾಟರಿ ಬಗ್ಗೆ ಒಂದು ಮಾತೂ ಹೇಳದ ಲೈಟು ಬ್ಯಾಟರಿಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ನುಂಗ್ತಿದೆ. ಮನೇಲಿ ಇಂಥ ನೆಂಟ ಬಂದು ಕೂತ್ರೆ ಎಷ್ಟು ದಿನ ಸಹಿಸ್ತೀರಿ?

4/7
ಹಾಗಾದ್ರೆ ಲೈಟೇ ಬೇಡ್ವಾ? ಬೇಕು. ನಿಜ ಹೇಳೋ ಲೈಟ್ ಬೇಕು.

ನಾಲ್ಕನೇ ಫೋಟೋ ನೋಡಿ. ಕೆಂಪು ಎಲ್‌ಇಡಿ, ಅದರ ಜೊತೆ ಸೀರೀಸಲ್ಲಿ ಒಂದು 5.1 ವೋಲ್ಟ್ ಝೀನರ್, ಒಂದು 1 ಕಿಲೋಓಮ್ ರೆಸಿಸ್ಟರ್. ಝೀನರ್‌ನ ಪಟ್ಟೆ ಇರೋ ತುದಿ ಬ್ಯಾಟರಿಯ ಪ್ಲಸ್ ಕಡೆಗೆ. ಕೆಂಪಿಗೆ ಸುಮಾರು 2 ವೋಲ್ಟ್, ಝೀನರ್‌ಗೆ 5.1. ಅಂದ್ರೆ ಬ್ಯಾಟರಿ 7 ವೋಲ್ಟ್ ಹತ್ತಿರ ಬಂದ ಹಾಗೆ ಲೈಟ್ ಮಂಕಾಗ್ತಾ ಬಂದು ಆರುತ್ತೆ. ಹೊಸ ಬ್ಯಾಟರಿಯಲ್ಲೂ ಅದು ಎಳೆಯೋದು 2 ಮಿಲಿಆಂಪ್ ಆಸುಪಾಸು. ಹಾಗಾಗಿ ಹೆಚ್ಚು ಬೆಳಕು ಕೊಡೋ ಕೆಂಪು ಎಲ್‌ಇಡಿಯನ್ನೇ ಕೇಳಿ ತಗೊಳ್ಳಿ.

ಮೈಕ್ರೋಕಂಟ್ರೋಲರ್ ಇಲ್ಲ, ಕೋಡ್ ಇಲ್ಲ. ಹೆಚ್ಚಿಗೆ ಹಾಕಿದ್ದು ಕೆಲವೇ ರೂಪಾಯಿಯ ಒಂದು ಝೀನರ್. ಸ್ಟೇಜ್ ಹತ್ತೋ ಮುಂಚೆ ಲೈಟ್ ಮಂಕಾಗಿದ್ರೆ ಬ್ಯಾಟರಿ ಬದಲಾಯಿಸಿ, ಆಮೇಲೆ ಟ್ಯೂನ್ ಮಾಡಿ. ಅವತ್ತು ಇದಿದ್ದಿದ್ರೆ ಆ ಶಿಳ್ಳೆ ಬೀಳ್ತಿರಲಿಲ್ಲ.

5/7
"ಕಿವಿ ಇದ್ರೆ ಸಾಕು, ಲೈಟೆಲ್ಲ ಶೋಕಿ" ಅನ್ನೋ ಸೀನಿಯರ್‌ಗಳಿಗೂ ಒಂದು ಮಾತು.

1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನ್ ಫೋಟೋ ಹುಡುಕಿ ನೋಡಿ. ಸಾಲಾಗಿ 16 ಗುಂಡಿ, ಒಂದೊಂದಕ್ಕೂ ಒಂದು ಪುಟ್ಟ ಕೆಂಪು ಲೈಟ್. ತಾಳ ಓಡೋವಾಗ ಲೈಟೂ ಓಡುತ್ತೆ. ಆವರ್ತದಲ್ಲಿ ಎಲ್ಲಿದ್ದೀನಿ, ಮುಂದಿನ ಪೆಟ್ಟು ಎಲ್ಲಿ ಅಂತ ಬೆರಳಿಗೆ ಹೇಳುತ್ತೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿದ ಆಲ್ಬಂನಲ್ಲಿ ಬಳಸಿದ್ದು ಇದೇ 808. ಅದರ ಲೈಟು ವಾದ್ಯದ ಭಾಗ.

ನಿಮ್ಮ ಡಬ್ಬಿಯಲ್ಲಿ ನಿಧಾನ ಆಸಿಲೇಟರ್ ಇದ್ರೆ ಅದರ ವೇಗ ತೋರಿಸೋ ಲೈಟ್ ಖಂಡಿತ ಹಾಕಿ. ಆದ್ರೆ ಚಿಪ್‌ನ ಕಾಲಿಂದ ನೇರವಾಗಿ ಉರಿಸಬೇಡಿ. 40106ರ ಕಾಲು ಕೊಡಬಲ್ಲದ್ದು ಕೆಲವೇ ಮಿಲಿಆಂಪ್. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಇಡಿ, ಅದರ ಬೇಸಿಗೆ 10 ಕಿಲೋಓಮ್. ಎಲ್‌ಇಡಿಗೆ 330 ಬಿಟ್ಟು 4.7 ಕಿಲೋಓಮ್ ಹಾಕಿ. ಒಂದೂವರೆ ಮಿಲಿಆಂಪ್ ಸಾಕು. ಇಲ್ಲಾಂದ್ರೆ ಲೈಟ್ ಮಿಟುಕಿದಾಗೆಲ್ಲ ಸ್ಪೀಕರಲ್ಲಿ ಟಿಕ್ ಟಿಕ್ ಕೇಳುತ್ತೆ. ಚಿಪ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್, ಬ್ಯಾಟರಿ ತಂತಿ ಬರೋ ಕಡೆ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮರೀಬೇಡಿ.

6/7
ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ. ನಿಮ್ಮಲ್ಲಿ ಕೆಲವರು ಲಿಥಿಯಂ ಸೆಲ್‌ಗೆ ಹೋಗಿದ್ದೀರಿ, ಟಿಪಿ4056 ಚಾರ್ಜಿಂಗ್ ಬೋರ್ಡ್ ಹಾಕಿದ್ದೀರಿ. ಅದರ ಮೇಲೆ ಆಗಲೇ ಎರಡು ಲೈಟ್ ಇವೆ: ಒಂದು ಚಾರ್ಜ್ ಆಗ್ತಿದೆ ಅನ್ನೋದಕ್ಕೆ, ಇನ್ನೊಂದು ಮುಗೀತು ಅನ್ನೋದಕ್ಕೆ. ನೀವು ಮಾಡಿದ್ದೇನು? ಆ ಬೋರ್ಡನ್ನ ಒಳಗೆ ತುರುಕಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಡಬ್ಬಿ ಮುಂದೆ ಏನೂ ಹೇಳದ ಆರು ಬಣ್ಣದ ಲೈಟ್ ಅಂಟಿಸಿದ್ದೀರಿ. ಇಡೀ ಡಬ್ಬಿಯಲ್ಲಿ ನಿಜ ಹೇಳ್ತಿದ್ದವು ಆ ಎರಡೇ ಕಣ್ರೋ, ಅವುಗಳ ಬಾಯಿಗೇ ಟೇಪ್ ಹಚ್ಚಿದ್ರಿ! ಒಂದು ತೂತು ಕೊರೆದು ಅವು ಹೊರಗೆ ಕಾಣೋ ಹಾಗೆ ಮಾಡಿ.

ಕೆಂಪು-ಹಸಿರು ಬಣ್ಣದ ಮೇಲೂ ಪೂರ್ತಿ ನಂಬಿಕೆ ಇಡಬೇಡಿ. ನಮ್ಮ ಬೆಂಚಲ್ಲೇ ಒಬ್ಬನಿಗೆ ಅವೆರಡರ ವ್ಯತ್ಯಾಸ ಕಾಣಲ್ಲ. ಎಡಕ್ಕೊಂದು, ಬಲಕ್ಕೊಂದು ದೂರ ದೂರ ಇಟ್ರೆ ಅವನಿಗೂ ಗೊತ್ತಾಗುತ್ತೆ.

7/7
ಗೊತ್ತು, ಲೈಟ್ ಮಿಂಚಿದ್ರೆ ರೀಲ್ ಓಡುತ್ತೆ. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲೂ ಮೊದಲು ಕಣ್ಣಿಗೆ ಬೀಳೋದು ಲೈಟೇ. ಅಲಂಕಾರ ಬೇಕಿದ್ರೆ ಸ್ಟಿಕರ್ ಅಂಟಿಸಿ, ಪೇಂಟ್ ಹೊಡೀರಿ, ನಾನು ತಕರಾರು ತೆಗೆಯಲ್ಲ. ಅವು ಬ್ಯಾಟರಿ ತಿನ್ನಲ್ಲ, ಯಾರಿಗೂ ಸುಳ್ಳು ಧೈರ್ಯ ಕೊಡಲ್ಲ. ಆದ್ರೆ ವಾದ್ಯದ ಮೇಲೆ ಲೈಟ್ ಉರಿದ್ರೆ ನುಡಿಸೋರು ಅದನ್ನ ನಂಬ್ತಾರೆ. ನಂಬಿ ಮೈಕ್ ಮುಂದೆ ನಿಲ್ತಾರೆ.

ಇವತ್ತು ರಾತ್ರಿ ನಿಮ್ಮ ಡಬ್ಬಿ ಬಿಚ್ಚಿ. ಒಂದೊಂದೇ ಲೈಟ್ ಮೇಲೆ ಬೆರಳಿಟ್ಟು ಕೇಳಿ: "ನೀನು ಆರಿದ್ರೆ ನನಗೆ ಏನು ಗೊತ್ತಾಗುತ್ತೆ?" ಉತ್ತರ ಬರದಿದ್ರೆ ಕಿತ್ತುಹಾಕಿ. ನನ್ನ ನೀಲಿ ಎಲ್‌ಇಡಿ ಕಿತ್ತ ತೂತಲ್ಲೇ ಈಗ ಕೆಂಪು ಕೂತಿದೆ, ಕೊನೇ ಫೋಟೋದಲ್ಲಿ ಕಾಣುತ್ತೆ.

ಆಮೇಲೆ, ಆ ಜೂನಿಯರ್ ಇದನ್ನ ಓದ್ತಾಳೆ ಅಂತ ಗೊತ್ತು. ಅವತ್ತು ನೀನು ಶ್ರುತಿ ತಪ್ಪಲಿಲ್ಲ ಕಣಮ್ಮ. ತಪ್ಪಿದ್ದು ನನ್ನ ಡಬ್ಬಿ. ಇದನ್ನ ಅವತ್ತೇ ಮೈಕಲ್ಲಿ ಹೇಳಬೇಕಿತ್ತು. ಶಿಳ್ಳೆ ಹೊಡೆದವರೂ ಇಲ್ಲೇ ಇದ್ದಾರೆ, ಅವರೂ ಓದಲಿ.

#ಮನೆಯಲ್ಲೇಸಿಂತ್ #ನಿಜಹೇಳೋಲೈಟ್ #ಬ್ಯಾಟರಿಲೆಕ್ಕ