ಬರೆಯಲು ಬಿಡುವೆಲ್ಲಿ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ದಸರೆಯ ರಜೆಗೆ ಮುಂಚೆ ಒಂದು ಮಧ್ಯಾಹ್ನ ನಮ್ಮ ಗ್ರಂಥಾಲಯದಲ್ಲಿ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳ ಕಟ್ಟೊಂದನ್ನು ಬಿಚ್ಚಿ ನೋಡುವ ಅವಕಾಶ ನನಗೆ ದೊರೆಯಿತು. ಧೂಳು ಕೊಡವಿ ಒಂದೊಂದೇ ಪುಟ ಮಗುಚುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಎಷ್ಟು ಒಳ್ಳೆಯ ಕಥೆಗಳು, ಎಷ್ಟು ಹದವಾದ ಕವಿತೆಗಳು! ಆದರೆ ಬರೆದವರ ಹೆಸರುಗಳು ಒಂದು ಸಲ ಕಂಡರೆ ಮತ್ತೆ ಎಲ್ಲಿಯೂ ಕಾಣವು. ಇವರಲ್ಲಿ ಯಾರಾದರೂ ಮುಂದೆ ಬರೆದರೇ ಎಂದು ನಮ್ಮ ಅಧ್ಯಾಪಕರೊಬ್ಬರನ್ನು ಕೇಳಿದೆ. ಅವರು ನೆನಪು ಮಾಡಿಕೊಂಡು, "ಈಕೆಗೆ ಮದುವೆಯಾಯಿತು. ಇವನು ಬೆಂಗಳೂರಿಗೆ ಕೆಲಸಕ್ಕೆ ಹೋದ. ಇವನ ತಂದೆ ತೀರಿಕೊಂಡರು, ಜಮೀನು ನೋಡಿಕೊಳ್ಳಬೇಕಾಯಿತು" ಎಂದರು. ಬರೆಯುವ ಶಕ್ತಿ ಸಾಲದೆ ನಿಲ್ಲಿಸಿದವರು ಅವರಲ್ಲಿ ಒಬ್ಬರೂ ಇದ್ದಂತೆ ತೋರಲಿಲ್ಲ. ಎಲ್ಲರಿಗೂ ಬಿಡುವು ತಪ್ಪಿತ್ತು, ಅಷ್ಟೆ. ಈ ವರ್ಷದ ಸಂಚಿಕೆಯೊಡನೆ ನನ್ನ ಹೆಸರೂ ಆ ಕಟ್ಟಿಗೆ ಸೇರಲಿದೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

ಬಿಡುವಿಲ್ಲವೆಂಬುದು ಬರಿಯ ನೆಪ, ಮನಸ್ಸಿದ್ದರೆ ಸಾಕು ಎಂದು ಹೇಳುವವರುಂಟು. ಅವರು ನಮ್ಮ ಮನೆಗಳನ್ನು ಕಂಡಿಲ್ಲವೆಂದೇ ನನ್ನ ಭಾವನೆ. ನಮ್ಮಲ್ಲಿ ಬಹು ಮಂದಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು. ಬೆಳಗ್ಗೆ ಕೊಟ್ಟಿಗೆಯ ಕಸ ಬಾಚಿ, ಹಾಲು ಡೈರಿಗೆ ಹಾಕಿ, ಬಸ್ಸಿಗೆ ಓಡಿ ಬಂದರೆ ತರಗತಿ. ಸಂಜೆ ಮರಳಿದರೆ ಮತ್ತೆ ಹಾಲು, ನೀರು, ಒಲೆ. ಅಪ್ಪ ರಾತ್ರಿ ಕಬ್ಬಿಗೆ ನೀರು ಕಟ್ಟಲು ಹೋದ ದಿನ ಅವ್ವನಿಗೂ ನನಗೂ ಕೆಲಸ ಇನ್ನಷ್ಟು. ಇವೆಲ್ಲ ಮುಗಿದ ಮೇಲೆ ಹಾಳೆಯ ಮುಂದೆ ಕುಳಿತರೆ ಮೊದಲು ಬರುವುದು ನಿದ್ದೆ. ಎರಡನೆಯದಾಗಿ ಬರುವುದು ಮೊಬೈಲು. ಇದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು.

ಆದರೆ ನಿದ್ದೆಗಿಂತಲೂ ದೊಡ್ಡ ಅಡ್ಡಿ ಇನ್ನೊಂದಿದೆ. ಒಂದು ರಾತ್ರಿ ನಾನು ಬರೆಯುತ್ತ ಕುಳಿತಿದ್ದಾಗ ಅವ್ವ ಬಂದು, "ಏನವ್ವ ಬರೀತಾ ಇದ್ದೀಯೆ, ಪರೀಕ್ಸೆಗಾ?" ಎಂದಳು. ನಾನು "ಹೂಂ ಕಣವ್ವ" ಎಂದೆ. ಅದು ಸುಳ್ಳು. ನಾನು ಬರೆಯುತ್ತಿದ್ದುದು ತೀರಿಕೊಂಡ ನಮ್ಮ ಅಜ್ಜಿಯನ್ನು ಕುರಿತು. ಅವ್ವ ಮರುಮಾತಿಲ್ಲದೆ ಪಾತ್ರೆ ತೊಳೆಯಲು ತಾನೇ ಹೋದಳು. ಪರೀಕ್ಷೆಗೆ ಬರೆಯುವುದು ಕೆಲಸ, ಮನಸ್ಸಿಗೆ ತೋಚಿದ್ದನ್ನು ಬರೆಯುವುದು ಸೋಮಾರಿತನ ಎಂದು ಅವ್ವ ಹೇಳಿರಲಿಲ್ಲ. ಹಾಗೆ ಎಣಿಸಿದ್ದವಳು ನಾನೇ. ಕದ್ದ ಹೊತ್ತಿನಲ್ಲಿ ಬರೆದ ಬರಹಕ್ಕೆ ಕಳ್ಳನ ಅವಸರವಿರುತ್ತದೆ. ಅದು ಹೆಚ್ಚು ದಿನ ಬಾಳದು.

ಅಂದಿನಿಂದ, ನಮ್ಮ ಸೀಮೆಯಲ್ಲಿಯೇ ಹುಟ್ಟಿ ಬರೆದವರು ಹೇಗೆ ಬರೆದರೆಂದು ಯೋಚಿಸತೊಡಗಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಛೇರಿಯ ಗುಮಾಸ್ತರು. 'ಮೈಸೂರು ಮಲ್ಲಿಗೆ' ಹೊರಬಂದದ್ದು 1942ರಲ್ಲಿ. ಅವರು ಸೇವೆಯಿಂದ ನಿವೃತ್ತರಾದದ್ದು 1970ರಲ್ಲಿ. ಕನ್ನಡನಾಡಿನ ಮನೆಮನೆಯೂ ಹಾಡಿದ ಕವಿ ಅಷ್ಟು ವರ್ಷ ಕಡತಗಳ ನಡುವೆಯೇ ಇದ್ದರು. ಇನ್ನೂ ಒಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. 1960ರಲ್ಲಿ 'ಮನೆಯಿಂದ ಮನೆಗೆ' ಬಂದ ಮೇಲೆ ಅವರ ಮುಂದಿನ ಕವನ ಸಂಕಲನ 'ತೆರೆದ ಬಾಗಿಲು' ಬಂದದ್ದು ಎಷ್ಟೋ ವರ್ಷಗಳ ನಂತರ. ಆ ಸಂಕಲನಕ್ಕೇ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಒಂದು ತಿಂಗಳು ಬರೆಯದಿದ್ದರೆ ಇನ್ನು ಮುಗಿಯಿತೆಂದು ಲೇಖನಿ ಮುಚ್ಚುವ ನಾವು ಇದನ್ನು ನೆನೆಯಬೇಕು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಸೈನ್ಯ ಇಲಾಖೆಯ ಕಛೇರಿಯಲ್ಲಿ ದುಡಿದವರು. ಸೈನ್ಯದ ಲೆಕ್ಕಪತ್ರಕ್ಕೂ ಗೀತನಾಟಕಕ್ಕೂ ಎಲ್ಲಿಯ ನಂಟು! ಆದರೂ 1933ರಲ್ಲಿ 'ಹಣತೆ'ಯಿಂದ ಮೊದಲುಗೊಂಡು ತುಂಬು ವಯಸ್ಸಿನವರೆಗೂ ಅವರು ಬರೆದರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು ಆಡಳಿತದ ದೊಡ್ಡ ಹುದ್ದೆಗಳನ್ನು ಹೊತ್ತ ಐ.ಎ.ಎಸ್. ಅಧಿಕಾರಿ. ಹಳ್ಳಿಯ ಹಾಡು ಕಥೆಗಳನ್ನು ಕೂಡಿಸುವುದು ಅವರ ಜೀವಮಾನದ ಕೆಲಸವಾಯಿತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು.

ಇಲ್ಲಿ ನನ್ನ ಗೆಳತಿಯೊಬ್ಬಳು ತೆಗೆದ ಆಕ್ಷೇಪಣೆಯನ್ನು ಮರೆಯಲಾಗದು. "ಅವರೆಲ್ಲ ಗಂಡಸರು. ತಿಂಗಳಾದರೆ ಸಂಬಳ ಬರುತ್ತಿತ್ತು. ಮನೆಗೆ ಬಂದರೆ ಅನ್ನ ಬೆಂದಿರುತ್ತಿತ್ತು" ಎಂದಳು. ಮಾತು ನಿಜ. ದೊಡ್ಡವರ ಪರಿಶ್ರಮವನ್ನು ಹೊಗಳುವಾಗ ಅವರಿಗೆ ಹೊತ್ತನ್ನು ಉಳಿಸಿಕೊಟ್ಟ ಕೈಗಳನ್ನು ನಾವು ಎಣಿಸುವುದಿಲ್ಲ. ಬಿಡುವು ಆಕಾಶದಿಂದ ಉದುರುವುದಿಲ್ಲ. ಒಬ್ಬರಿಗೆ ಒಂದು ಗಂಟೆ ಬಿಡುವಾಗಬೇಕಾದರೆ ಇನ್ನೊಬ್ಬರು ಆ ಗಂಟೆಯ ಕೆಲಸ ಮಾಡಿರಬೇಕು. ಅವ್ವ ಪಾತ್ರೆ ತೊಳೆಯಲು ಹೋದಾಗ ನಡೆದದ್ದು ಇದೇ.

ಹಾಗಾದರೆ ಕೈತುಂಬ ಕೆಲಸವಿದ್ದ ಹೆಂಗಸರು ಬರೆಯಲೇ ಇಲ್ಲವೇ? ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದವಳು ಹೊನ್ನಮ್ಮ. ಆ ಸೇವೆಯಲ್ಲಿದ್ದುಕೊಂಡೇ ಆಕೆ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಅದರಲ್ಲಿ ಹೇಳಿರುವ ಪತಿಭಕ್ತಿಯ ನೀತಿಯೆಲ್ಲವೂ ಇಂದಿನ ನಮಗೆ ಒಪ್ಪಿಗೆಯಾಗಲಾರದು. ಆದರೆ ಹೆಣ್ಣು ಮಗುವನ್ನು ಹಳಿಯುವವರನ್ನು ನಿಲ್ಲಿಸಿ, ನಿಮ್ಮನ್ನು ಹೆತ್ತವಳೂ ಹೆಣ್ಣೇ ಅಲ್ಲವೇ ಎಂದು ಕೇಳಿದವಳೂ ಆಕೆಯೇ. ಇಂದಿಗೂ ಆಕೆ ಸಂಚಿಯ ಹೊನ್ನಮ್ಮ. ಹೆಸರಿನ ಮುಂದೆ ಊಳಿಗ ನಿಂತಿದೆ, ಅದರಿಂದ ಕಾವ್ಯಕ್ಕೆ ಕುಂದೇನೂ ಬಂದಿಲ್ಲ.

ಅಕ್ಷರವೇ ಬಾರದವರ ಮಾತೂ ಒಂದಿದೆ. ನಾಗೇಗೌಡರಂಥವರು ಬರೆದುಕೊಂಡ ಹಾಡುಗಳನ್ನು ಕಟ್ಟಿದವರಾರು? ಕೋಳಿ ಕೂಗುವ ಹೊತ್ತಿಗೆದ್ದು ರಾಗಿ ಬೀಸುತ್ತಿದ್ದ ನಮ್ಮ ಅಜ್ಜಿಯರು. ಅವರಿಗೆ ಲೇಖನಿಯಿಲ್ಲ, ಕಾಗದವಿಲ್ಲ, ಬಿಡುವಂತೂ ಇಲ್ಲವೇ ಇಲ್ಲ. ಆದರೆ ಬೀಸುವಾಗ ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವು. ಆ ಬಿಡುವಿನಲ್ಲಿಯೇ ಮೂರು ಸಾಲಿನ ತ್ರಿಪದಿ ಹುಟ್ಟಿತು. ಕಲ್ಲು ಸುತ್ತುವಷ್ಟು ಹೊತ್ತಿಗೆ ಹಿಡಿಸುವಂಥ ಪದ್ಯ. ಬೀಸುವ ಕಲ್ಲಿನ ಮುಂದೆ ಕುಳಿತವಳನ್ನು ಯಾರೂ ಸೋಮಾರಿಯೆನ್ನುವಂತಿರಲಿಲ್ಲ. ಹಾಡು ಕೆಲಸದೊಳಗೇ ಇತ್ತು. ಗಿರಣಿ ಬಂದು ರಟ್ಟೆಯ ನೋವನ್ನು ತಪ್ಪಿಸಿತು, ಅದು ಒಳ್ಳೆಯದೇ. ಆದರೆ ಹಾಡಿಗಿದ್ದ ಆ ಹೊತ್ತೂ ಅದರೊಡನೆ ಹೋಯಿತು. ಅದರ ಬದಲಿಗೆ ನಾವು ಬೇರೊಂದು ಹೊತ್ತನ್ನು ಗೊತ್ತುಮಾಡಿಕೊಳ್ಳಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ. ಎಲ್ಲ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಬರೆಯುತ್ತೇನೆಂದರೆ ಆ ಹೊತ್ತು ಬರುವುದಿಲ್ಲ, ಏಕೆಂದರೆ ಮನೆಯ ಕೆಲಸಕ್ಕೆ ಮುಗಿವೆಂಬುದಿಲ್ಲ. ಬರೆಯುವುದೂ ಹಾಲು ಹಾಕುವಂತೆ, ಹಿಟ್ಟು ತೊಳಸುವಂತೆ, ದಿನದ ಕೆಲಸಗಳಲ್ಲಿ ಒಂದಾಗಬೇಕು. ಅದಕ್ಕೊಂದು ಗೊತ್ತಾದ ಹೊತ್ತು ಬೇಕು. ಮನೆಯವರಿಗೆ ಅದು ತಿಳಿದಿರಬೇಕು. ಮುಚ್ಚಿಟ್ಟು ಬರೆಯಬಾರದು.

ಹೀಗೆಂದುಕೊಂಡು ಒಂದು ಸಂಜೆ ಅವ್ವನಿಗೆ ನಿಜ ಹೇಳಿದೆ. ಬರೆದದ್ದನ್ನು ಓದಿಯೂ ತೋರಿಸಿದೆ. ಅಜ್ಜಿ ಹಾಡುತ್ತಿದ್ದ ಒಂದು ಹಾಡಿನ ಸಂಗತಿ ಬಂದಾಗ ಅವ್ವ ತಡೆದು, "ಅದು ಅಂಗಲ್ಲ ಕಣವ್ವ, ತಪ್ಪು ಬರ್ದಿದ್ದೀಯೆ. ಹಾಲು ಹಾಕ್ಬುಟ್ಟು ಬಂದು ಕೂತ್ಕೊ, ಯೋಳ್ತೀನಿ" ಎಂದಳು. ಅಂದಿನಿಂದ ಹಾಲು ಹಾಕಿ ಬಂದ ಮೇಲಿನ ಅರ್ಧ ಗಂಟೆ ಬರೆಯುವ ಹೊತ್ತಾಗಿದೆ. ಆ ಹೊತ್ತಿನಲ್ಲಿ ನೀರು ತರುವ ಕೆಲಸ ಪಿ.ಯು.ಸಿ. ಓದುವ ತಮ್ಮನ ಪಾಲಿಗೆ ಬಂದಿದೆ. ಅವನು ಗೊಣಗುತ್ತಾನೆ, ಆದರೆ ತರುತ್ತಾನೆ. ಎಲ್ಲ ದಿನವೂ ಇದು ನಡೆಯುತ್ತದೆಂದು ಹೇಳಲಾರೆ. ಕಬ್ಬು ಕಡಿಯುವ ವಾರ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಆದರೆ ವಾರ ಕಳೆದ ಮೇಲೆ ಮರಳಿ ಕೂರುವುದಕ್ಕೆ ಒಂದು ಜಾಗವಿತ್ತು.

ಅಧ್ಯಾಪಕರಲ್ಲಿ ನನ್ನದೊಂದು ವಿನಯಪೂರ್ವಕ ಬಿನ್ನಹ. ವಾರಕ್ಕೆ ಒಂದು ಗಂಟೆ, ಒಂದು ಕೊಠಡಿಯನ್ನು ಬರೆಯುವವರಿಗಾಗಿ ತೆರೆದಿಡಬೇಕು. ಭಾಷಣ ಬೇಡ, ಬಹುಮಾನ ಬೇಡ. ಬರೆದದ್ದನ್ನು ಓದಿ, ಇಲ್ಲಿ ಸಡಿಲವಾಗಿದೆ, ಇಲ್ಲಿ ಚೆನ್ನಾಗಿದೆ ಎಂದು ಹೇಳುವವರೊಬ್ಬರಿದ್ದರೆ ಸಾಕು. ಮನೆಯಲ್ಲಿ ಮೊದಲು ಓದಿದವರು ನಾವೇ. ಬರೆಯುವುದೂ ಒಂದು ಕೆಲಸವೆಂದು ಕಾಲೇಜು ಒಪ್ಪಿದರೆ ಮನೆಯವರನ್ನು ಒಪ್ಪಿಸುವುದು ಅಷ್ಟು ಕಷ್ಟವಾಗದು. ಇನ್ನು ಸಹಪಾಠಿ ಗೆಳೆಯರಲ್ಲಿ ಒಂದು ಮಾತು. ನಿಮ್ಮ ಅಕ್ಕತಂಗಿಯರ ಕೈಯ ಬಿಂದಿಗೆಯನ್ನು ಒಂದಿಷ್ಟು ಹೊತ್ತು ನೀವು ಹಿಡಿಯಿರಿ. ಅವರಲ್ಲಿ ಯಾರು ಏನು ಬರೆದಾರೆಂದು ಬಲ್ಲವರಾರು?

ಈ ಲೇಖನವೂ ಅಂಥ ಅರ್ಧರ್ಧ ಗಂಟೆಗಳಲ್ಲಿ ಬರೆದದ್ದೇ. ಪರೀಕ್ಷೆ ಮುಗಿದರೆ ಈ ಕಾಲೇಜಿನೊಡನೆ ನನ್ನ ನಂಟು ತೀರುತ್ತದೆ. ಮುಂದೆ ಬಿ.ಇಡಿ.ಯೋ, ಕೆಲಸವೋ, ಮದುವೆಯೋ, ಗೊತ್ತಿಲ್ಲ. ಯಾವುದೇ ಮನೆಗೆ ಹೋದರೂ ಮೊದಲ ವಾರದಲ್ಲಿಯೇ ಅಲ್ಲಿಯವರಿಗೆ ನನ್ನ ಬರೆಯುವ ಹೊತ್ತು ಯಾವುದೆಂದು ತಿಳಿಸಬೇಕೆಂದಿದ್ದೇನೆ. ಮುಂದೊಂದು ದಿನ ಈ ಕಟ್ಟನ್ನು ಬಿಚ್ಚುವ ವಿದ್ಯಾರ್ಥಿನಿ ನನ್ನ ಹೆಸರನ್ನು ತೋರಿಸಿ, ಈಕೆ ಮುಂದೆ ಬರೆದಳೇ ಎಂದು ಕೇಳಿದರೆ, ಅಧ್ಯಾಪಕರು ಹೌದೆನ್ನುವಂತಾಗಲಿ.