ನಡು ಯಾವುದೆಂದು ಕಣ್ಣನ್ನೂ ಕೇಳಿ

ಡಿಟಿಪಿ ಅಂಗಡಿಗೆ ಕೆಲಸ ಕಲಿಯಲು ಸೇರಿದವರಿಗೆ ಮೊದಲ ವಾರದಲ್ಲೇ ಒಂದು ಮಂತ್ರೋಪದೇಶ ಆಗುತ್ತದೆ: ‘ಎರಡನ್ನೂ ಸೆಲೆಕ್ಟ್ ಮಾಡು, ಸಿ ಒತ್ತು, ಇ ಒತ್ತು, ಮುಗೀತು.’ ಕೋರೆಲ್‌ಡ್ರಾ ಬಲ್ಲವರಿಗೆ ಇದು ಗೊತ್ತಿರುವುದೇ. ಸಿ ಒತ್ತಿದರೆ ವಸ್ತು ಎಡ-ಬಲದ ನಡುವಿಗೆ ಬರುತ್ತದೆ, ಇ ಒತ್ತಿದರೆ ಮೇಲೆ-ಕೆಳಗಿನ ನಡುವಿಗೆ. ಪಿ ಒತ್ತಿದರೆ ನೇರವಾಗಿ ಪುಟದ ಮಧ್ಯಕ್ಕೆ. ಶಿಫ್ಟ್ ಹಿಡಿದು ಒಂದೊಂದಾಗಿ ಆರಿಸಿದರೆ, ಕೊನೆಗೆ ಆರಿಸಿದ್ದು ಅಲ್ಲೇ ನಿಲ್ಲುತ್ತದೆ, ಉಳಿದವು ಅದರ ಬಳಿಗೆ ಹೋಗುತ್ತವೆ. ಸ್ಕೇಲ್ ಹಿಡಿದು ಅಳೆಯುವ ಕಷ್ಟವೇ ಇಲ್ಲ.

ಆದರೆ ಈ ಮಂತ್ರ ಕನ್ನಡಕ್ಕೆ ಪೂರ್ತಿ ಫಲಿಸುವುದಿಲ್ಲ ಎನ್ನುವುದು ನನ್ನ ತಕರಾರು. ನಮ್ಮ ಊರುಗಳ ಫ್ಲೆಕ್ಸ್, ಅಂಗಡಿ ಬೋರ್ಡು, ಮದುವೆ ಕರೆಯೋಲೆಗಳಲ್ಲಿ ಕನ್ನಡ ಅಕ್ಷರಗಳು ಒಂದಿಷ್ಟು ಮೇಲೆ ಹಾರಿದಂತೆಯೋ ಕೆಳಗೆ ಜಾರಿದಂತೆಯೋ ಕಾಣುವುದಕ್ಕೆ ಇದೂ ಒಂದು ಕಾರಣ.

ಕಂಪ್ಯೂಟರಿಗೆ ಅಕ್ಷರ ಕಾಣುವುದಿಲ್ಲ, ಡಬ್ಬಿ ಕಾಣುತ್ತದೆ. ನಾವು ಬರೆದ ಆಕಾರದ ತೀರಾ ಎಡ, ತೀರಾ ಬಲ, ತೀರಾ ಮೇಲೆ, ತೀರಾ ಕೆಳಗೆ ಇರುವ ಬಿಂದುಗಳನ್ನು ಮುಟ್ಟುವಂತೆ ಅದು ಒಂದು ಆಯತ ಎಳೆದುಕೊಳ್ಳುತ್ತದೆ. ಇದಕ್ಕೆ ಬೌಂಡಿಂಗ್ ಬಾಕ್ಸ್ ಎನ್ನುತ್ತಾರೆ. ನಡುವಿಗೆ ತರುವುದೆಂದರೆ ಆ ಆಯತವನ್ನು ನಡುವಿಗೆ ತರುವುದು, ಅಷ್ಟೇ. ಒಳಗಿನ ಭಾರ ಯಾವ ಕಡೆಗಿದೆ ಎಂದು ಅದು ನೋಡುವುದಿಲ್ಲ.

ವಿಡಿಯೊಗಳ ಮೇಲಿರುವ ‘ಪ್ಲೇ’ ಗುಂಡಿಯನ್ನೇ ನೋಡಿ: ವೃತ್ತದೊಳಗೊಂದು ತ್ರಿಕೋನ. ಅದನ್ನು ಸಿ, ಇ ಒತ್ತಿ ಕೂರಿಸಿದರೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ಏಕೆಂದರೆ ತ್ರಿಕೋನದ ಗುರುತ್ವ ಕೇಂದ್ರ ಇರುವುದು ಪಾದದಿಂದ ಮೂರನೇ ಒಂದು ಭಾಗದಲ್ಲಿ, ಡಬ್ಬಿಯ ಅರ್ಧದಲ್ಲಲ್ಲ. ಅಗಲದ ಆರನೇ ಒಂದು ಭಾಗದಷ್ಟು ಬಲಕ್ಕೆ ಸರಿಸಿದರೆ ಎರಡೂ ಕೇಂದ್ರಗಳು ಕೂಡುತ್ತವೆ, ಕಣ್ಣಿಗೂ ನೆಮ್ಮದಿ. ಹೈಸ್ಕೂಲ್ ಗಣಿತದ ಪಾಠ ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ!

ಈಗ ಕನ್ನಡಕ್ಕೆ ಬನ್ನಿ. ಬಸ್ಸಿನ ಮಾರ್ಗಫಲಕಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಚೌಕ ಮಾಡಿ ಮಂಗಳೂರು, ಪುತ್ತೂರು, ಸುಳ್ಯ, ಮಡಿಕೇರಿ ಎಂದು ಬರೆದು, ಪ್ರತಿಯೊಂದನ್ನೂ ಅದರದರ ಚೌಕದ ನಡುವಿಗೆ ತನ್ನಿ. ಮಂಗಳೂರಿಗೆ ಕೆಳಗೆ ಒತ್ತಕ್ಷರವಿಲ್ಲ, ಅದು ಸರಿಯಾಗಿ ಕೂರುತ್ತದೆ. ಪುತ್ತೂರಿನ ತ ಒತ್ತು, ಸುಳ್ಯದ ಯ ಒತ್ತು ಕೆಳಗೆ ಇಳಿಯುವುದರಿಂದ ಅವುಗಳ ಡಬ್ಬಿ ಉದ್ದವಾಗುತ್ತದೆ. ಡಬ್ಬಿ ನಡುವಿಗೆ ಬಂದಾಗ ಮೂಲ ಅಕ್ಷರಗಳು ಮೇಲೆ ಏರುತ್ತವೆ. ಮಡಿಕೇರಿಯ ಗುಡಿಸುಗಳು ತಲಕಟ್ಟಿಗಿಂತ ಮೇಲೆ ಏಳುವುದರಿಂದ ಅದು ತುಸು ಕೆಳಗೆ ಇಳಿಯುತ್ತದೆ. ನಾಲ್ಕು ಊರು, ಮೂರು ಮಟ್ಟ. ಸಾಫ್ಟ್‌ವೇರ್ ಪ್ರಕಾರ ನಾಲ್ಕೂ ನಡುವಿನಲ್ಲೇ ಇವೆ. ಕಣ್ಣಿನ ಪ್ರಕಾರ ತಲಕಟ್ಟಿನ ಸಾಲು ಘಾಟಿ ರಸ್ತೆಯ ಹಾಗೆ ಏರಿಳಿಯುತ್ತಿದೆ.

ಫಾಂಟ್ ಇಲ್ಲದೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಕೆಡದಿರಲಿ ಎಂದು ನಾವು ನುಡಿ ಮುಂತಾದವುಗಳಲ್ಲಿ ಟೈಪ್ ಮಾಡಿದ್ದನ್ನು ‘ಕರ್ವ್’ ಮಾಡಿ ಕಳಿಸುತ್ತೇವೆ. ಆಮೇಲಂತೂ ಅದು ಅಕ್ಷರವೇ ಅಲ್ಲ, ಬರೀ ಚಿತ್ರ. ಅದರ ಪಾದರೇಖೆ ಎಲ್ಲಿತ್ತು ಎಂಬ ನೆನಪೂ ಸಾಫ್ಟ್‌ವೇರಿಗೆ ಉಳಿಯುವುದಿಲ್ಲ.

ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಕಲಾವಿದರಿಗೆ ಈ ತೊಂದರೆ ಇರಲಿಲ್ಲ. ಅವರು ದಾರಕ್ಕೆ ಸೀಮೆಸುಣ್ಣ ಬಳಿದು ಮೇಲೊಂದು, ಕೆಳಗೊಂದು ಗೆರೆ ಹೊಡೆಯುತ್ತಿದ್ದರು. ಮೂಲ ಅಕ್ಷರ ಆ ಎರಡು ಗೆರೆಗಳ ನಡುವೆ. ಒತ್ತಿಗೆ ಕೆಳಗೆ ಬೇರೆ ಜಾಗ. ಅಂದರೆ ಅವರ ಲೆಕ್ಕ ಡಬ್ಬಿಯದ್ದಲ್ಲ, ಗೆರೆಯದ್ದು. ಕಂಪ್ಯೂಟರ್ ಬಂದ ಮೇಲೆ ನಾವು ವೇಗ ಪಡೆದೆವು, ಆ ಎರಡು ಗೆರೆಗಳನ್ನು ಬಿಟ್ಟುಬಿಟ್ಟೆವು.

‘ಇಷ್ಟು ಸೂಕ್ಷ್ಮ ಯಾರು ನೋಡ್ತಾರೆ? ಗಿರಾಕಿ ಹೊರಗೆ ನಿಂತಿದ್ದಾರೆ, ಬೇಗ ಮುಗಿಸು’ ಎನ್ನುವ ಮಾತು ಪ್ರತಿ ಅಂಗಡಿಯಲ್ಲೂ ಕೇಳುತ್ತದೆ. ಅದರಲ್ಲಿ ಸುಳ್ಳಿಲ್ಲ. ದಿನಕ್ಕೆ ಹತ್ತಾರು ಫ್ಲೆಕ್ಸ್ ಮುಗಿಸಬೇಕಾದವರಿಗೆ ಸೌಂದರ್ಯಶಾಸ್ತ್ರ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆದರೆ ಅದೇ ಅಂಗಡಿಯಲ್ಲಿ ಇಂಗ್ಲಿಷ್ ಹೆಸರು ಒಂದು ಕೂದಲೆಳೆ ಅತ್ತಿತ್ತ ಆದರೂ ತಿದ್ದುತ್ತೇವೆ. ದೊಡ್ಡಕ್ಷರದ ಇಂಗ್ಲಿಷಿಗೆ ಡಬ್ಬಿಯ ಲೆಕ್ಕ ಸಾಕಾಗುತ್ತದೆ, ಏಕೆಂದರೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಗಳೂ ಒಂದೇ ಎತ್ತರ. ಆ ಅಭ್ಯಾಸವನ್ನೇ ಕನ್ನಡದ ಮೇಲೆ ಹೇರಿ, ಕೊನೆಗೆ ‘ಕನ್ನಡ ಅಕ್ಷರ ಡಿಸೈನಿಗೆ ಒಗ್ಗಲ್ಲ’ ಎಂದು ಷರಾ ಬರೆಯುವುದು ಅನ್ಯಾಯ. ಕುಣಿಯಲು ಬಾರದವರು ನೆಲ ಡೊಂಕು ಎಂದಂತೆ.

ಇನ್ನೊಂದು ವಿಷಯ. 2024ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ನಾಮಫಲಕಗಳ ಶೇ 60ರಷ್ಟು ಕನ್ನಡ ಇರಲೇಬೇಕು. ಬಹಳ ಒಳ್ಳೆಯದು. ಆದರೆ ಕಾನೂನು ಅಳೆಯಬಲ್ಲದ್ದು ಜಾಗವನ್ನು ಮಾತ್ರ, ಆ ಜಾಗದಲ್ಲಿ ಅಕ್ಷರ ಹೇಗೆ ಕೂರಬೇಕು ಎಂಬುದನ್ನಲ್ಲ. ಅದು ಬೋರ್ಡು ಮಾಡುವ ನಮ್ಮ ವಯಸ್ಸಿನ ಹುಡುಗ ಹುಡುಗಿಯರ ಕೈಯಲ್ಲಿದೆ. ಇಂಗ್ಲಿಷಿಗೆಂದು ಮಾಡಿದ ಚೌಕಟ್ಟಿನಲ್ಲಿ ಕನ್ನಡವನ್ನು ತುರುಕಿ, ಒತ್ತಕ್ಷರ ಅಂಚಿಗೆ ತಾಗಿಸಿ, ಶೇ 60 ತುಂಬಿಸಿದರೆ ದಂಡ ತಪ್ಪಬಹುದು, ಕನ್ನಡದ ಚೆಲುವು ಹೆಚ್ಚುವುದಿಲ್ಲ.

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಒತ್ತು, ಗುಡಿಸು ಯಾವುದೂ ಇಲ್ಲದ ‘ಅರಸ’ದಂಥ ಒಂದು ಪದವನ್ನು ಅದೇ ಫಾಂಟಿನಲ್ಲಿ, ಅದೇ ಗಾತ್ರದಲ್ಲಿ ಮೊದಲು ನಡುವಿಗೆ ತನ್ನಿ. ಅದರ ಪಾದಕ್ಕೆ ಒಂದು ಗೈಡ್‌ಲೈನ್ ಎಳೆಯಿರಿ. ಉಳಿದ ಪದಗಳ ಪಾದವನ್ನು ಆ ಗೆರೆಯ ಮೇಲೆ ಕೂರಿಸಿ, ಒತ್ತುಗಳು ಕೆಳಗೆ ಇಳಿಯಲಿ. ಕರ್ವ್ ಮಾಡುವ ಕೆಲಸ ಇದೆಲ್ಲ ಆದ ಮೇಲೆ. ಎಡ-ಬಲಕ್ಕೆ ಸಿ ಕೀಲಿ ಧಾರಾಳವಾಗಿ ಒತ್ತಿ. ಮೇಲೆ-ಕೆಳಗಿನ ಇ ಕೀಲಿಗೆ ಮಾತ್ರ ಸ್ವಲ್ಪ ಯೋಚಿಸಿ. ಕೊನೆಗೊಮ್ಮೆ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಇದಕ್ಕೆಲ್ಲ ಎರಡು ನಿಮಿಷ ಸಾಕು.

ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೂ ಒಂದು ಕೋರಿಕೆ. ಅಲೈನ್‌ಮೆಂಟ್ ಪಾಠವನ್ನು ಇಂಗ್ಲಿಷ್ ಪದಗಳಲ್ಲಿ ಮಾತ್ರ ಮುಗಿಸಬೇಡಿ. ಪುತ್ತೂರು, ಸುಳ್ಯಗಳನ್ನೂ ಕೊಟ್ಟು ನೋಡಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಂತೂ ಬೌಂಡಿಂಗ್ ಬಾಕ್ಸನ್ನು ಗೆರೆಯ ದಪ್ಪ ಸೇರಿಸಿ ಅಳೆಯಬೇಕೋ, ಬಿಟ್ಟು ಅಳೆಯಬೇಕೋ ಎಂದು ಆಯ್ಕೆಯನ್ನೇ ಕೊಟ್ಟಿದ್ದಾರೆ. ವಸ್ತುವಿನ ಅಂಚು ಎಲ್ಲಿ ಎನ್ನುವುದಕ್ಕೇ ಸಾಫ್ಟ್‌ವೇರಿನ ಬಳಿ ಎರಡು ಉತ್ತರಗಳಿವೆ ಎಂದ ಮೇಲೆ, ನಡು ಎಲ್ಲಿ ಎನ್ನುವುದಕ್ಕೆ ಅದರ ಒಂದು ಉತ್ತರವನ್ನೇ ಕಣ್ಣುಮುಚ್ಚಿ ಒಪ್ಪಬೇಕೇಕೆ?